ಏರ್‌ಪೋರ್ಟ್‌ನಲ್ಲಿ ಎಂಟು ಗಂಟೆ ಗ್ಯಾಪ್ ಇದೆಯಾ? ನಂದಿ, ಚಿಕ್ಕಬಳ್ಳಾಪುರ ನೋಡಿ ಬರುವ ಬಗೆ

ನನ್ನದು ಚಿಕ್ಕಬಳ್ಳಾಪುರ ಅಂತ ಗೊತ್ತಾದ ಕೂಡಲೇ ಓದುಗರು ಕೇಳುವ ಪ್ರಶ್ನೆ ಒಂದೇ. "ಬೆಂಗಳೂರು ಏರ್‌ಪೋರ್ಟ್‌ನಲ್ಲಿ ಏಳೆಂಟು ಗಂಟೆ ಕಾಯಬೇಕು. ನಿಮ್ಮೂರು ಹತ್ತಿರ ಅಲ್ವಾ, ಬಂದು ಹೋಗಬಹುದಾ?"

ಬರಬಹುದು. ಆದರೆ ಲೆಕ್ಕ ಹಾಕಿಕೊಂಡು ಬರಬೇಕು.

ಮೊದಲು ಒಂದು ವಿಷಯ ತಿಳಿದುಕೊಳ್ಳಿ. ಹೆಸರಿಗೆ ಬೆಂಗಳೂರು ವಿಮಾನ ನಿಲ್ದಾಣ, ಇರುವುದು ದೇವನಹಳ್ಳಿಯಲ್ಲಿ. 2008ರಲ್ಲಿ ಶುರುವಾದಾಗಿನಿಂದ ಜನ ಅಲ್ಲಿ ಇಳಿದ ತಕ್ಷಣ ಬೆಂಗಳೂರಿನ ಕಡೆಗೇ ಮುಖ ಮಾಡುತ್ತಾರೆ. ಊರೊಳಗೆ ಹೋಗಲು ಸುಮಾರು 35 ಕಿ.ಮೀ., ಹೆಬ್ಬಾಳದಲ್ಲಿ ಸಿಕ್ಕಿಹಾಕಿಕೊಂಡರೆ ಅರ್ಧ ದಿನ ಅಲ್ಲೇ ಮುಗಿಯಿತು. ಅದೇ ಹೈವೇಯಲ್ಲಿ, ಅಂದರೆ ರಾಷ್ಟ್ರೀಯ ಹೆದ್ದಾರಿ 44ರಲ್ಲಿ, ಹೈದರಾಬಾದ್ ಕಡೆಗೆ ತಿರುಗಿ. ಸುಮಾರು 30 ಕಿ.ಮೀ.ಗೆ ಚಿಕ್ಕಬಳ್ಳಾಪುರ. ಅದಕ್ಕೂ ಮುಂಚೆಯೇ ನಂದಿ. ರಸ್ತೆ ಅಗಲ, ಸಿಗ್ನಲ್ ಕಾಟ ಕಡಿಮೆ. ಕಿಟಕಿಯಾಚೆ ದ್ರಾಕ್ಷಿ ತೋಟ, ಹೂವಿನ ಹೊಲ, ಬೆಟ್ಟದ ಸಾಲು.

ವಿಮಾನ ಬದಲಿಸುವಾಗ ನಡುವೆ ಸಿಗುವ ಈ ಕಾಯುವ ಹೊತ್ತಿಗೆ ಲೇಓವರ್ ಅನ್ನುತ್ತಾರೆ. ಅದನ್ನು ಬಳಸುವುದು ಹೇಗೆ ಅಂತ ಒಂದೊಂದೇ ಹಂತವಾಗಿ ಹೇಳುತ್ತೇನೆ.

1. ಹಿಂದಿನಿಂದ ಲೆಕ್ಕ ಹಾಕಿ

ಎಲ್ಲರೂ ತಪ್ಪುವುದು ಇಲ್ಲೇ. "ಏಳಕ್ಕೆ ಇಳಿಯುತ್ತೇನೆ, ಮೂರೂವರೆಗೆ ಮುಂದಿನ ಫ್ಲೈಟು, ಎಂಟೂವರೆ ಗಂಟೆ ಇದೆ" ಅಂತ ಲೆಕ್ಕ ಹಾಕುತ್ತಾರೆ. ನಿಮ್ಮ ಕೈಯಲ್ಲಿ ಎಂಟೂವರೆ ಗಂಟೆ ಇಲ್ಲ. ಮುಂದಿನ ವಿಮಾನದ ಸಮಯದಿಂದ ಹಿಂದಕ್ಕೆ ಬನ್ನಿ.

ದೇಶದೊಳಗಿನ ವಿಮಾನ ಅಂತಿಟ್ಟುಕೊಳ್ಳಿ. ಎರಡು ಗಂಟೆ ಮುಂಚೆ, ಅಂದರೆ ಒಂದೂವರೆಗೆ ನೀವು ಟರ್ಮಿನಲ್ ಬಾಗಿಲಲ್ಲಿ ಇರಬೇಕು. ನಂದಿಯಿಂದ ಏರ್‌ಪೋರ್ಟಿಗೆ ಒಂದು ಗಂಟೆ ಇಟ್ಟುಕೊಳ್ಳಿ. ಅದರ ಮೇಲೆ ಅರ್ಧ ಗಂಟೆ ಕೈಯಲ್ಲಿರಲಿ. ಟೈರ್ ಪಂಕ್ಚರ್ ಆಗಬಹುದು, ಹೈವೇಯಲ್ಲಿ ಲಾರಿ ಕೆಟ್ಟು ನಿಂತಿರಬಹುದು. ಅಲ್ಲಿಗೆ ಹನ್ನೆರಡಕ್ಕೆ ನಂದಿ ಬಿಡಬೇಕು. ಬೆಳಗ್ಗೆ ಏಳಕ್ಕೆ ಇಳಿದು ಹೊರಗೆ ಬರುವಷ್ಟರಲ್ಲಿ ಏಳೂಮುಕ್ಕಾಲು. ನಂದಿ ತಲುಪುವಾಗ ಎಂಟೂಮುಕ್ಕಾಲು. ನಿಮಗೆ ನಿಜವಾಗಿ ಸಿಕ್ಕಿದ್ದು ಮೂರೂಕಾಲು ಗಂಟೆ.

ಮೂರೂಕಾಲು ಗಂಟೆ ಕಡಿಮೆಯೇನಲ್ಲ. ಒಂದು ಜಾಗವನ್ನು ಚೆನ್ನಾಗಿ ನೋಡಿ, ಹೊಟ್ಟೆ ತುಂಬ ತಿಂಡಿ ತಿಂದು ಬರಬಹುದು. ಎರಡನೇ ಜಾಗ ಸೇರಿಸಿದಿರೋ, ಎರಡನ್ನೂ ಸರಿಯಾಗಿ ನೋಡಿದ ಹಾಗಾಗುವುದಿಲ್ಲ.

ಮುಂದಿನದು ವಿದೇಶದ ವಿಮಾನವಾದರೆ ಎರಡು ಗಂಟೆಯ ಜಾಗದಲ್ಲಿ ಮೂರು ಅಂತ ಹಾಕಿಕೊಳ್ಳಿ.

ಒಟ್ಟು ಗ್ಯಾಪ್ ಐದು ಗಂಟೆಗಿಂತ ಕಡಿಮೆ ಇದ್ದರೆ ಹೊರಗೆ ಹೋಗಲೇಬೇಡಿ. ಈ ಮಾತಲ್ಲಿ ನಾನು ಗಟ್ಟಿ. ಐದರಿಂದ ಏಳು ಗಂಟೆ ಇದ್ದರೆ ದೇವನಹಳ್ಳಿ ಕೋಟೆ. ಏಳರಿಂದ ಹತ್ತು ಇದ್ದರೆ ನಂದಿ ಗ್ರಾಮ. ಹತ್ತಕ್ಕಿಂತ ಜಾಸ್ತಿ ಇದ್ದರೆ ಚಿಕ್ಕಬಳ್ಳಾಪುರ, ಮುದ್ದೇನಹಳ್ಳಿ ಸೇರಿಸಿಕೊಳ್ಳಿ.

2. ಹೊರಗೆ ಹೋಗಲು ಅವಕಾಶ ಇದೆಯಾ ನೋಡಿ

ದೇಶದೊಳಗಿನ ವಿಮಾನದಿಂದ ದೇಶದೊಳಗಿನ ವಿಮಾನಕ್ಕೆ ಬದಲಾಯಿಸುವವರಿಗೆ ಯಾವ ತೊಂದರೆಯೂ ಇಲ್ಲ. ಅರೈವಲ್ ಕಡೆಯಿಂದ ನಡೆದು ಹೊರಗೆ ಬಂದರಾಯಿತು. ಮತ್ತೆ ಒಳಗೆ ಹೋಗುವಾಗ ಬಾಗಿಲಲ್ಲಿ ಟಿಕೆಟ್ ಮತ್ತು ಗುರುತಿನ ಚೀಟಿ ಕೇಳುತ್ತಾರೆ, ಸೆಕ್ಯುರಿಟಿ ಮತ್ತೆ ಮೊದಲಿನಿಂದ ಆಗಬೇಕು. ಆಧಾರ್ ಅಥವಾ ಬೇರೆ ಗುರುತಿನ ಚೀಟಿ ಕೈಚೀಲದಲ್ಲೇ ಇರಲಿ. ದೊಡ್ಡ ಲಗೇಜಿನಲ್ಲಿ ಹಾಕಿ ಕಳಿಸಿಬಿಟ್ಟರೆ ಪರದಾಡಬೇಕಾಗುತ್ತದೆ.

ವಿದೇಶದಿಂದ ಬರುವ ನೆಂಟರಿಷ್ಟರಿಗೆ ಮಾತ್ರ ಒಂದು ಎಚ್ಚರಿಕೆ. ಭಾರತದ ಪಾಸ್‌ಪೋರ್ಟ್ ಇದ್ದರೆ ಸರಿ. ಒಸಿಐ ಕಾರ್ಡ್, ಅಂದರೆ ಭಾರತ ಮೂಲದವರಿಗೆ ಸರ್ಕಾರ ಕೊಡುವ ಚೀಟಿ, ಇದ್ದರೂ ಸರಿ. ಇವೆರಡೂ ಇಲ್ಲದ ವಿದೇಶಿ ಸ್ನೇಹಿತರು ಜೊತೆಗಿದ್ದರೆ ಅವರಿಗೆ ವೀಸಾ ಬೇಕು. ವೀಸಾ ಇಲ್ಲದೆ ಇಮಿಗ್ರೇಷನ್ ದಾಟಲು ಬಿಡುವುದಿಲ್ಲ.

3. ಲಗೇಜ್ ಎಲ್ಲಿರುತ್ತದೆ?

ಎರಡೂ ವಿಮಾನಗಳು ಒಂದೇ ಪಿಎನ್‌ಆರ್‌ನಲ್ಲಿ ಇದ್ದರೆ, ಅಂದರೆ ಒಂದೇ ಬುಕಿಂಗ್ ನಂಬರಿನಲ್ಲಿ ಇದ್ದರೆ, ಲಗೇಜ್ ಸಾಮಾನ್ಯವಾಗಿ ಸೀದಾ ಕೊನೆಯ ಊರಿಗೆ ಹೋಗುತ್ತದೆ. ಇದಕ್ಕೆ ಥ್ರೂ ಚೆಕ್-ಇನ್ ಅನ್ನುತ್ತಾರೆ. ಮೊದಲ ಊರಿನಲ್ಲಿ ಬ್ಯಾಗ್ ಕೊಡುವಾಗಲೇ "ಇದು ಎಲ್ಲಿಯವರೆಗೆ ಹೋಗುತ್ತೆ?" ಅಂತ ಕೌಂಟರಿನಲ್ಲಿ ಕೇಳಿ. ಕೈಗೆ ಕೊಡುವ ಚೀಟಿಯಲ್ಲಿ ಕೊನೆಯ ಊರಿನ ಹೆಸರು ಇದೆಯಾ ನೋಡಿಕೊಳ್ಳಿ.

ಬೇರೆ ಬೇರೆ ಟಿಕೆಟ್ ಮಾಡಿಸಿದ್ದರೆ ಬ್ಯಾಗ್ ನೀವೇ ಎತ್ತಿಕೊಳ್ಳಬೇಕು. ವಿದೇಶದಿಂದ ಬಂದು ಇಲ್ಲಿಂದ ಹುಬ್ಬಳ್ಳಿಗೋ ಮಂಗಳೂರಿಗೋ ಹೋಗುವವರೂ ಸಾಮಾನ್ಯವಾಗಿ ಇಲ್ಲೇ ಬ್ಯಾಗ್ ತೆಗೆದುಕೊಂಡು ಕಸ್ಟಮ್ಸ್ ದಾಟಬೇಕು. ಆಗ ಇರುವುದು ಎರಡೇ ದಾರಿ. ಲಗೇಜ್ ಇಟ್ಟುಕೊಳ್ಳುವ ಕೌಂಟರ್ ಎಲ್ಲಿದೆ, ಗಂಟೆಗೆ ಎಷ್ಟು ಅಂತ ಮಾಹಿತಿ ಕೇಂದ್ರದಲ್ಲಿ ಕೇಳಿ. ಇಲ್ಲವೇ ದಿನದ ಬಾಡಿಗೆಗೆ ಒಂದೇ ಗಾಡಿ ಮಾಡಿಕೊಂಡು ಬ್ಯಾಗ್ ಅದರಲ್ಲೇ ಇಡಿ. ಎರಡನೆಯದು ಮಾಡಿದರೆ ಗಾಡಿಯ ನಂಬರ್ ಫೋಟೊ ತೆಗೆದುಕೊಳ್ಳಿ, ಪಾಸ್‌ಪೋರ್ಟ್, ದುಡ್ಡು, ಒಡವೆ, ಲ್ಯಾಪ್‌ಟಾಪ್ ನಿಮ್ಮ ಜೊತೆಗೇ ಇರಲಿ.

ಸೂಟ್‌ಕೇಸ್ ಎಳೆದುಕೊಂಡು ಬಸ್ ಹತ್ತುವ ಯೋಚನೆ ಬಿಟ್ಟುಬಿಡಿ.

4. ಗಾಡಿ: ಹೋಗುವುದು ಸುಲಭ, ಬರುವುದು ಕಷ್ಟ

ಏರ್‌ಪೋರ್ಟಿನಿಂದ ಆ್ಯಪ್ ಕ್ಯಾಬ್ ಐದು ನಿಮಿಷದಲ್ಲಿ ಸಿಗುತ್ತದೆ. ನಂದಿಯಲ್ಲಿ ಅದೇ ಆ್ಯಪ್ ತೆರೆದರೆ ಚಕ್ರ ಸುತ್ತುತ್ತಲೇ ಇರುತ್ತದೆ. ನಾನೇ ಒಂದು ಸಲ ಮುಕ್ಕಾಲು ಗಂಟೆ ಫೋನ್ ಹಿಡಿದು ನಿಂತು, ಕೊನೆಗೆ ಆಟೊ ಹಿಡಿದು ಹೈವೇಗೆ ಬಂದು ಬಸ್ ಹತ್ತಿದ್ದೇನೆ. ಅದಕ್ಕೇ ಹೇಳುವುದು, ಹೋಗುವಾಗಲೇ ಬರುವುದಕ್ಕೂ ಸೇರಿಸಿ ಮಾತಾಡಿ.

ಕ್ಯಾಬಿನವರ ಹತ್ತಿರ ಮೂರು ಮಾತು ಮೊದಲೇ ತೀರ್ಮಾನ ಆಗಬೇಕು: ಒಟ್ಟು ಎಷ್ಟು ಗಂಟೆ, ಎಷ್ಟು ಕಿ.ಮೀ., ಅದಕ್ಕಿಂತ ಜಾಸ್ತಿ ಆದರೆ ಎಷ್ಟು. ಟೋಲ್, ಪಾರ್ಕಿಂಗ್, ವೇಟಿಂಗ್ ಚಾರ್ಜ್, ಅಂದರೆ ಗಾಡಿ ಕಾಯುವುದಕ್ಕೆ ಕೊಡುವ ದುಡ್ಡು, ಸೇರಿದೆಯಾ ಅಂತ ಬಾಯಿಬಿಟ್ಟು ಕೇಳಿ. ಆ್ಯಪ್‌ಗಳಲ್ಲಿ ರೆಂಟಲ್ ಅಂತ ಒಂದು ಆಯ್ಕೆ ಇರುತ್ತದೆ. ಗಂಟೆ ಲೆಕ್ಕದಲ್ಲಿ ಗಾಡಿ ನಿಮ್ಮ ಜೊತೆಗೇ ಇರುವ ವ್ಯವಸ್ಥೆ ಅದು. ಲೇಓವರ್‌ಗೆ ಹೇಳಿ ಮಾಡಿಸಿದ ಹಾಗಿದೆ. ಜಿಲ್ಲೆ ದಾಟಿ ಹೋಗಬಹುದಾ ಅಂತ ಮಾತ್ರ ಚಾಲಕರನ್ನು ಕೇಳಿಕೊಳ್ಳಿ.

ಇನ್ನೊಂದು ಎಡವಟ್ಟು ಹೆಸರಿನದು. ಸುಮ್ನೆ "ನಂದಿಗೆ ಹೋಗಬೇಕು" ಅಂದರೆ ಗಾಡಿ ಸೀದಾ ಬೆಟ್ಟ ಹತ್ತುತ್ತದೆ. ಬೆಟ್ಟದ ಮೇಲೂ ಒಂದು ದೇವಸ್ಥಾನ ಇದೆ, ಅದು ಯೋಗನಂದೀಶ್ವರ. ನಿಮಗೆ ಬೇಕಾದ್ದು ಬೆಟ್ಟದ ಕೆಳಗಿನ ಹಳ್ಳಿಯಲ್ಲಿರುವ ಭೋಗನಂದೀಶ್ವರ. "ನಂದಿ ಗ್ರಾಮ, ಭೋಗನಂದೀಶ್ವರ ದೇವಸ್ಥಾನ, ಬೆಟ್ಟ ಅಲ್ಲ" ಅಂತ ಮೂರೂ ಸೇರಿಸಿ ಹೇಳಿ. ಮ್ಯಾಪಿನಲ್ಲಿ ಹುಡುಕುವಾಗಲೂ ಪೂರ್ತಿ ಹೆಸರು ಹಾಕಿ.

ಬಸ್ಸಿನಲ್ಲಿ ಬರುವವರು ಮೊದಲು ದೇವನಹಳ್ಳಿ ಬಸ್ ನಿಲ್ದಾಣಕ್ಕೆ ಬನ್ನಿ. ಅಲ್ಲಿಂದ ಚಿಕ್ಕಬಳ್ಳಾಪುರಕ್ಕೆ ಕೆಎಸ್‌ಆರ್‌ಟಿಸಿ ಬಸ್‌ಗಳು ಬರುತ್ತಲೇ ಇರುತ್ತವೆ. ಚಿಕ್ಕಬಳ್ಳಾಪುರದಿಂದ ನಂದಿಗೆ ಬಸ್ಸು, ಆಟೊ ಎರಡೂ ಇವೆ. ಕರ್ನಾಟಕದ ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಉಚಿತ. ರಾಜ್ಯದ ವಿಳಾಸ ಇರುವ ಗುರುತಿನ ಚೀಟಿ ತೋರಿಸಬೇಕು. ಖರ್ಚು ತೀರಾ ಕಡಿಮೆ, ಆದರೆ ಹೊತ್ತು ಎರಡರಷ್ಟು ಹಿಡಿಯುತ್ತದೆ. ಎಂಟು ಗಂಟೆಗಿಂತ ಕಡಿಮೆ ಗ್ಯಾಪ್ ಇರುವವರಿಗೆ ಬಸ್ ಬೇಡ.

ರೈಲೂ ಇದೆ. ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ಹೋಗುವ ಮಾರ್ಗದಲ್ಲಿ ಏರ್‌ಪೋರ್ಟಿಗೆ ಅಂತಲೇ 2021ರ ಜನವರಿಯಲ್ಲಿ ಒಂದು ಹಾಲ್ಟ್ ಸ್ಟೇಷನ್ ಶುರುವಾಯಿತು. ಹಾಲ್ಟ್ ಅಂದರೆ ಚಿಕ್ಕ ನಿಲುಗಡೆ. ಅದೇ ಮಾರ್ಗದಲ್ಲಿ ಮುಂದೆ ನಂದಿ ಹಾಲ್ಟ್ ಸಿಗುತ್ತದೆ. ರೈಲುಗಳು ಕಡಿಮೆ. ಸಮಯ ಕೂಡಿ ಬಂದರೆ ಹೋಗುವಾಗ ಹತ್ತಿ, ವಾಪಸ್ ಬರುವುದಕ್ಕೆ ಮಾತ್ರ ರೈಲನ್ನು ನಂಬಿ ಕೂರಬೇಡಿ.

5. ಎಲ್ಲಿಗೆ ಹೋಗುವುದು

*ಐದಾರು ಗಂಟೆ ಇದ್ದರೆ: ದೇವನಹಳ್ಳಿ ಕೋಟೆ*

ಏರ್‌ಪೋರ್ಟಿನಿಂದ ಅರ್ಧ ಗಂಟೆಯೊಳಗೆ ತಲುಪಬಹುದು. 1501ರಲ್ಲಿ ಆವತಿ ನಾಡಪ್ರಭುಗಳ ವಂಶದ ಮಲ್ಲಬೈರೇಗೌಡರು ಇಲ್ಲಿ ಮಣ್ಣಿನ ಕೋಟೆ ಕಟ್ಟಿಸಿದರು. ಹೈದರಾಲಿಯ ಕಾಲದಲ್ಲಿ ಅದು ಕಲ್ಲಿನ ಕೋಟೆಯಾಯಿತು. ಟಿಪ್ಪು ಸುಲ್ತಾನ್ ಹುಟ್ಟಿದ್ದು ಈ ಊರಿನಲ್ಲೇ, ಆ ಜಾಗದಲ್ಲಿ ಕಲ್ಲಿನ ಫಲಕ ಇದೆ. ಕೋಟೆಯೊಳಗೆ ಈಗಲೂ ಜನ ವಾಸವಾಗಿದ್ದಾರೆ, ಮನೆ ಅಂಗಡಿ ಎಲ್ಲ ಇವೆ. ವೇಣುಗೋಪಾಲಸ್ವಾಮಿ ದೇವಸ್ಥಾನದ ಹೊರಗೋಡೆಯ ಮೇಲೆ ರಾಮಾಯಣದ ಕಥೆ, ಕೃಷ್ಣನ ಬಾಲಲೀಲೆ ಕೆತ್ತಿದ್ದಾರೆ. ಅದನ್ನು ಬಿಡದೆ ನೋಡಿ. ಸೀಸನ್ ಇದ್ದರೆ ದೇವನಹಳ್ಳಿ ಚಕ್ಕೋತ ಕೊಳ್ಳಿ. ಈ ಹಣ್ಣಿಗೆ ಜಿಐ ಟ್ಯಾಗ್ ಇದೆ, ಅಂದರೆ ಈ ಊರಿನದೇ ಬೆಳೆ ಅಂತ ಸರ್ಕಾರ ಕೊಟ್ಟ ಗುರುತು.

*ಏಳರಿಂದ ಹತ್ತು ಗಂಟೆ ಇದ್ದರೆ: ನಂದಿ ಗ್ರಾಮದ ಭೋಗನಂದೀಶ್ವರ*

ಒಂದೇ ಜಾಗ ಹೇಳಿ ಅಂದರೆ ನಾನು ಹೇಳುವುದು ಇದನ್ನೇ. ಎಲ್ಲರೂ ಬೆಟ್ಟ ಬೆಟ್ಟ ಅನ್ನುತ್ತಾರೆ. ಬೆಟ್ಟದ ಬುಡದಲ್ಲಿ ಇಂಥ ದೇವಸ್ಥಾನ ಇಟ್ಟುಕೊಂಡು ಜನ ಅದರ ಪಕ್ಕದಲ್ಲೇ ಗಾಡಿ ಓಡಿಸಿಕೊಂಡು ಹೋಗುವುದು ನೋಡಿದರೆ ನನಗೆ ನಿಜವಾಗಿ ಸಂಕಟವಾಗುತ್ತದೆ.

ಇದರ ಶುರು ಒಂಬತ್ತನೇ ಶತಮಾನದಲ್ಲಿ, ನೊಳಂಬರ ಕಾಲದಲ್ಲಿ. ಆಮೇಲೆ ಚೋಳರು, ಹೊಯ್ಸಳರು, ವಿಜಯನಗರದವರು ಒಬ್ಬೊಬ್ಬರೂ ಒಂದಿಷ್ಟು ಸೇರಿಸಿದರು. ಒಳಗೆ ಅಕ್ಕಪಕ್ಕ ಎರಡು ದೊಡ್ಡ ಗುಡಿಗಳಿವೆ. ಒಂದು ಅರುಣಾಚಲೇಶ್ವರ, ಇನ್ನೊಂದು ಭೋಗನಂದೀಶ್ವರ. ಎರಡರ ಮುಂದೆಯೂ ನಂದಿ ಮಂಟಪ. ನಡುವೆ ಚಿಕ್ಕದಾಗಿ ಉಮಾಮಹೇಶ್ವರ ಗುಡಿ. ಅರುಣಾಚಲೇಶ್ವರ ಶಿವನ ಬಾಲ್ಯ, ಭೋಗನಂದೀಶ್ವರ ಯೌವನ, ಬೆಟ್ಟದ ಮೇಲಿನ ಯೋಗನಂದೀಶ್ವರ ವೈರಾಗ್ಯ ಅಂತ ಇಲ್ಲಿನವರು ಹೇಳುತ್ತಾರೆ. ಹೊಸದಾಗಿ ಮದುವೆಯಾದವರು ಇಲ್ಲಿಗೆ ಬರುವುದು ಅದಕ್ಕೇ.

ಹೀಗೆ ನೋಡಿ. ಮೊದಲು ದರ್ಶನ ಮುಗಿಸಿ. ಆಮೇಲೆ ಉಮಾಮಹೇಶ್ವರ ಗುಡಿಯ ಮುಂದಿನ ಕಲ್ಯಾಣ ಮಂಟಪದ ಹತ್ತಿರ ಬಂದು ನಿಲ್ಲಿ. ಕಪ್ಪು ಕಲ್ಲಿನ ಕಂಬಗಳ ಮೇಲೆ ಬಳ್ಳಿ ಹಬ್ಬಿದೆ, ಅದರ ನಡುವೆ ಗಿಳಿಗಳು ಕೂತಿವೆ. ಮೊಬೈಲ್ ಜೇಬಲ್ಲಿಟ್ಟು ಒಂದೇ ಕಂಬವನ್ನು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ನೋಡಿ. ಆಮೇಲೆ ಭೋಗನಂದೀಶ್ವರ ಗುಡಿಯ ಹೊರಗೋಡೆ ಸುತ್ತಿ. ಕಲ್ಲನ್ನೇ ಕೊರೆದು ಮಾಡಿದ ಜಾಲಂಧ್ರಗಳಿವೆ, ಅಂದರೆ ಗಾಳಿ ಬೆಳಕಿನ ಕಿಟಕಿಗಳು. ಒಂದರಲ್ಲಿ ಶಿವ ಕುಣಿಯುತ್ತಿದ್ದಾನೆ. ಇನ್ನೊಂದರಲ್ಲಿ ಕೋಣನ ತಲೆಯ ಮೇಲೆ ದುರ್ಗೆ ನಿಂತಿದ್ದಾಳೆ.

ಇನ್ನು ಕಲ್ಯಾಣಿ. ಮುಂದಿನ ಅಂಗಳದಲ್ಲಿ ನಿಂತರೆ ಇದು ಕಾಣುವುದೇ ಇಲ್ಲ. ಒಳಗಿನ ಪ್ರಾಕಾರ ದಾಟಿ ಹೋಗಬೇಕು. ತುಂಬಾ ಜನ ಇದು ಇದೆ ಅಂತಲೇ ಗೊತ್ತಾಗದೆ ವಾಪಸ್ ಹೋಗುತ್ತಾರೆ. "ಕಲ್ಯಾಣಿ ಯಾವ ಕಡೆ?" ಅಂತ ಅಲ್ಲಿದ್ದವರನ್ನು ಕೇಳಿ. ಹೆಸರು ಶೃಂಗಿ ತೀರ್ಥ. ದಕ್ಷಿಣ ಪಿನಾಕಿನಿ ಹುಟ್ಟುವುದು ಇಲ್ಲೇ ಅನ್ನುವ ನಂಬಿಕೆ ಇದೆ. ನಾಲ್ಕೂ ಕಡೆ ಮೆಟ್ಟಿಲು ಕೆಳಕ್ಕೆ ಇಳಿಯುತ್ತಾ ಹೋಗುತ್ತವೆ. ಮೇಲಿನ ಮೆಟ್ಟಿಲಲ್ಲಿ ಕೂತರೆ ಏರ್‌ಪೋರ್ಟಿನ ಗದ್ದಲ ಕಿವಿಯಿಂದ ಇಳಿಯುತ್ತದೆ. ಅರ್ಧ ಗಂಟೆ ಇದಕ್ಕೇ ಇಟ್ಟುಕೊಳ್ಳಿ. ಮಕ್ಕಳಿದ್ದರೆ ಕೈ ಬಿಡಬೇಡಿ, ಮೆಟ್ಟಿಲು ಕಡಿದು.

ಚಪ್ಪಲಿ ಹೊರಗೇ ಬಿಡಬೇಕು. ಹನ್ನೊಂದು ಗಂಟೆ ಆಯಿತೆಂದರೆ ಕಲ್ಲುಹಾಸು ಕಾದು ಬರಿಗಾಲು ಸುಡುತ್ತದೆ. ಕಾಲಿಗೆ ಸಾಕ್ಸ್ ಇದ್ದರೆ ಅನುಕೂಲ. ಶಿವರಾತ್ರಿಯ ಸಮಯದಲ್ಲಿ ಇಲ್ಲಿ ದೊಡ್ಡ ಜಾತ್ರೆ, ರಥೋತ್ಸವ. ನೋಡಲು ಚೆಂದ, ಆದರೆ ವಿಮಾನ ಹಿಡಿಯಬೇಕಾದವರು ಆ ದಿನ ಬರಬಾರದು.

*ಬೆಟ್ಟ ಬೇಕೇ ಬೇಕು ಅನ್ನುವವರಿಗೆ*

ನಂದಿ ಬೆಟ್ಟ 1,478 ಮೀಟರ್ ಎತ್ತರ. ಟಿಪ್ಪುವಿನ ಬೇಸಿಗೆ ಅರಮನೆ, ಟಿಪ್ಪು ಡ್ರಾಪ್, ಯೋಗನಂದೀಶ್ವರ, ಅಮೃತ ಸರೋವರ ಎಲ್ಲ ಮೇಲಿವೆ. ಕೆಲಸದ ದಿನ ಬೆಳಗ್ಗೆ ಬೇಗ ಇಳಿದವರು ಹೋಗಬಹುದು. ಶನಿವಾರ, ಭಾನುವಾರ ಮಾತ್ರ ಬೇಡವೇ ಬೇಡ. ಬೆಂಗಳೂರಿನ ಬೈಕು, ಕಾರುಗಳೆಲ್ಲ ಅವತ್ತು ಇಲ್ಲೇ ಇರುತ್ತವೆ. ಬೆಟ್ಟದ ರಸ್ತೆಯಲ್ಲಿ ಒಂದು ಸಲ ಸಾಲಿನಲ್ಲಿ ಸಿಕ್ಕಿಕೊಂಡರೆ ಹಿಂದಕ್ಕೂ ಬರುವ ಹಾಗಿಲ್ಲ, ಮುಂದಕ್ಕೂ ಹೋಗುವ ಹಾಗಿಲ್ಲ. ರಸ್ತೆ ರಿಪೇರಿಗೆ ಅಂತ ಬೆಟ್ಟವನ್ನು ಮುಚ್ಚುವುದೂ ಉಂಟು. ಹೊರಡುವ ಮುಂಚೆ ವಿಚಾರಿಸಿ. ಸ್ಕಂದಗಿರಿ ಚಾರಣವನ್ನು ಲೇಓವರ್‌ನಲ್ಲಿ ಮಾಡುವ ಆಸೆ ಬೇಡ. ಅದಕ್ಕೆ ಅರಣ್ಯ ಇಲಾಖೆಯ ಬುಕಿಂಗ್ ಬೇಕು, ಕಾಲು ನೋವು ಬೇರೆ.

*ಹತ್ತು ಗಂಟೆಗಿಂತ ಜಾಸ್ತಿ ಇದ್ದರೆ*

ನಂದಿ ನೋಡಿ, ಹತ್ತಿರದ ಮುದ್ದೇನಹಳ್ಳಿಗೆ ಹೋಗಿ. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಊರು. ಅವರ ಮನೆ ಈಗ ಮ್ಯೂಸಿಯಂ, ಸಮಾಧಿಯೂ ಇದೇ ಊರಲ್ಲಿದೆ. ಮಕ್ಕಳು ಜೊತೆಗಿದ್ದರೆ ಇದು ಒಳ್ಳೆಯ ಆಯ್ಕೆ. ಚಿಕ್ಕಬಳ್ಳಾಪುರದಿಂದ ಗೌರಿಬಿದನೂರು ರಸ್ತೆಯಲ್ಲಿ ಹೋದರೆ ರಂಗಸ್ಥಳದ ರಂಗನಾಥಸ್ವಾಮಿ ದೇವಸ್ಥಾನ. ಜನ ಕಡಿಮೆ, ಸಮಾಧಾನದ ಜಾಗ. ಆವಲಗುರ್ಕಿಯಲ್ಲಿ 112 ಅಡಿ ಎತ್ತರದ ಆದಿಯೋಗಿ ಪ್ರತಿಮೆ 2023ರ ಜನವರಿಯಿಂದ ಇದೆ. ಅಲ್ಲಿಗೆ ವಾರಾಂತ್ಯದ ಸಂಜೆ ಜನ ಜಾಸ್ತಿ, ರಾತ್ರಿಯ ವಿಮಾನ ಇರುವವರು ಹಗಲಲ್ಲೇ ಹೋಗಿ ಬನ್ನಿ.

6. ಊಟ ತಿಂಡಿ

ವಿಮಾನದ ತಣ್ಣನೆ ಸ್ಯಾಂಡ್‌ವಿಚ್ ತಿಂದು ಬಂದವರಿಗೆ ನಮ್ಮ ಕಡೆಯ ಊಟ ಅಂದರೆ ಮುದ್ದೆ. ಚಿಕ್ಕಬಳ್ಳಾಪುರದಲ್ಲಿ ಮುದ್ದೆ ಊಟದ ಹೋಟೆಲ್ ಹುಡುಕುವುದು ಕಷ್ಟವಲ್ಲ. ಆಟೊದವರನ್ನು ಕೇಳಿ, ಅವರು ತಾವು ಉಣ್ಣುವ ಜಾಗವನ್ನೇ ತೋರಿಸುತ್ತಾರೆ. ಬಸ್ಸಾರು ಇದ್ದರೆ ಅದನ್ನೇ ಹಾಕಿಸಿಕೊಳ್ಳಿ. ಸೊಪ್ಪು, ಕಾಳು ಬೇಯಿಸಿ, ಬಸಿದ ಕಟ್ಟಿನಲ್ಲಿ ಮಾಡುವ ಸಾರು ಅದು. ಸೊಪ್ಪು ಕಾಳಿನ ಪಲ್ಯ ಪಕ್ಕಕ್ಕೆ ಬರುತ್ತದೆ. ಡಿಸೆಂಬರ್, ಜನವರಿಯಲ್ಲಿ ಬಂದರೆ ಹಿತಕವರೆ ಸಾರು ಕೇಳಿ. ಅವರೆಕಾಳನ್ನು ನೆನೆಸಿ, ಒಂದೊಂದೇ ಹಿತುಕಿ, ಸಿಪ್ಪೆ ತೆಗೆದು ಮಾಡುತ್ತಾರೆ. ಮುದ್ದೆ ಹೊಸಬರಾದರೆ ಚಿಕ್ಕ ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ, ಅಗಿಯದೆ ನುಂಗಿ.

ಆದರೆ ವಿಮಾನ ಹತ್ತುವ ಮುಂಚೆ ಎರಡನೇ ಮುದ್ದೆ ಬೇಡ, ಕೂತಲ್ಲೇ ನಿದ್ದೆ ಎಳೆಯುತ್ತದೆ.

ಹೊರಗಿನ ನೀರಿನ ಅಭ್ಯಾಸ ಇಲ್ಲದವರು ಬಾಟಲಿ ನೀರು ಅಥವಾ ಎಳನೀರು ಕುಡಿಯಿರಿ. ಚಿಲ್ಲರೆ ದುಡ್ಡು ಇರಲಿ.

7. ವಾಪಸ್ ಬರುವಾಗ

ಅಲಾರಂ ಇಟ್ಟುಕೊಳ್ಳಿ. ಹೊರಡಬೇಕಾದ ಸಮಯಕ್ಕೆ ಒಂದು, ಅದಕ್ಕೆ 20 ನಿಮಿಷ ಮುಂಚೆ ಇನ್ನೊಂದು. ವೆಬ್ ಚೆಕ್-ಇನ್, ಅಂದರೆ ಫೋನಿನಲ್ಲೇ ಸೀಟು ಖಚಿತ ಮಾಡಿಕೊಳ್ಳುವುದು, ಬೆಳಗ್ಗೆಯೇ ಮುಗಿಸಿರಿ. ಬ್ಯಾಗ್ ಕೊಡುವುದಿದ್ದರೆ ನೆನಪಿಡಿ, ದೇಶದೊಳಗಿನ ವಿಮಾನಗಳಿಗೆ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮುಂಚೆ ಮುಚ್ಚುತ್ತದೆ. ಬೋರ್ಡಿಂಗ್ ಗೇಟ್ 25 ನಿಮಿಷ ಮುಂಚೆ.

"ನಿಮ್ಮ ವಿಮಾನ ಒಂದು ಗಂಟೆ ತಡ" ಅಂತ ಮೆಸೇಜ್ ಬಂತು ಅಂದುಕೊಳ್ಳಿ. ಖುಷಿಯಾಗಿ ಇನ್ನೊಂದು ಜಾಗಕ್ಕೆ ಹೊರಡಬೇಡಿ. ತಡ ಆಗಿದ್ದು ಮತ್ತೆ ಹಿಂದಕ್ಕೆ ಬರಬಹುದು. ಮೊದಲು ಹಾಕಿದ ಲೆಕ್ಕದಂತೆಯೇ ಹೊರಡಿ. ಚಳಿಗಾಲದ ಮುಂಜಾನೆ ದೇವನಹಳ್ಳಿಯಲ್ಲಿ ಮಂಜು ಕವಿದು ವಿಮಾನಗಳು ತಡವಾಗುವುದುಂಟು. ನೀವು ಬರುವ ವಿಮಾನವೇ ತಡವಾದರೆ ಪ್ಲಾನ್ ಚಿಕ್ಕದು ಮಾಡಿ. ನಂದಿ ಅಂದುಕೊಂಡಿದ್ದವರು ದೇವನಹಳ್ಳಿ ಕೋಟೆಗೆ ಸಾಕು ಮಾಡಿ.

ಟರ್ಮಿನಲ್ ಎರಡಿವೆ. ಇಳಿದ ಟರ್ಮಿನಲ್‌ನಿಂದಲೇ ಮುಂದಿನ ವಿಮಾನ ಹೊರಡುತ್ತದೆ ಅಂತ ಅಂದುಕೊಳ್ಳಬೇಡಿ. ಟಿಕೆಟ್ ನೋಡಿ, ಟಿ1 ಅಥವಾ ಟಿ2 ಅಂತ ಚಾಲಕರಿಗೆ ಹೇಳಿ. ತಪ್ಪಿ ಇಳಿದರೆ ಎರಡರ ನಡುವೆ ಶಟಲ್ ಬಸ್ ಇದೆ, ಆದರೆ ಅದಕ್ಕೂ ಹೊತ್ತು ಬೇಕು.

ಕೊನೆಯದಾಗಿ ನಿಮ್ಮ ಕೈಚೀಲ. ದೇವಸ್ಥಾನಕ್ಕೆ ಹೋಗಿ ಬಂದವರ ಚೀಲದಲ್ಲಿ ಬೆಂಕಿಪೊಟ್ಟಣ, ಕರ್ಪೂರ ಉಳಿದಿರುತ್ತದೆ. ಸೆಕ್ಯುರಿಟಿಯಲ್ಲಿ ಅದನ್ನು ಬಿಡುವುದಿಲ್ಲ, ಗಾಡಿಯಿಂದ ಇಳಿಯುವ ಮುಂಚೆಯೇ ತೆಗೆದುಬಿಡಿ. ಒಣ ಕೊಬ್ಬರಿಯನ್ನೂ ಬಿಡುವುದಿಲ್ಲ, ಎಣ್ಣೆಯಂಶ ಇರುವುದರಿಂದ ಬೇಗ ಹೊತ್ತಿಕೊಳ್ಳುತ್ತದೆ ಅಂತ. ಪೂಜೆಯ ತೆಂಗಿನಕಾಯಿ ಹೋಳಿಗೂ ತಕರಾರು ಬರಬಹುದು. ದಾರಿಯಲ್ಲೇ ಹಂಚಿಕೊಂಡು ತಿಂದುಬಿಡಿ, ಚಾಲಕರಿಗೂ ಒಂದು ಚೂರು ಕೊಡಿ. ವಿದೇಶದ ವಿಮಾನ ಹತ್ತುವವರು ಉಪ್ಪಿನಕಾಯಿ, ಜೇನುತುಪ್ಪ, ತುಪ್ಪದಂಥವನ್ನು ಕೈಚೀಲದಲ್ಲಿ ಇಡಬೇಡಿ. 100 ಮಿ.ಲೀ. ದಾಟಿದ ದ್ರವ ಪದಾರ್ಥ ಒಳಗೆ ಹೋಗುವುದಿಲ್ಲ.

ದೇಶದೊಳಗೇ ಹೋಗುವವರು ದ್ರಾಕ್ಷಿ ಕಾಲದಲ್ಲಿ ಬಂದಿದ್ದರೆ ಹೈವೇ ಬದಿಯಲ್ಲಿ ಒಂದು ಕಿಲೋ ದಿಲ್‌ಖುಷ್ ತೆಗೆದುಕೊಳ್ಳಿ. ಗಟ್ಟಿ ಡಬ್ಬದಲ್ಲಿ ಹಾಕಿ, ಕೈಚೀಲದ ಎಲ್ಲಕ್ಕಿಂತ ಮೇಲೆ ಇಡಿ. ಅಡಿಗೆ ಹಾಕಿದರೆ ಸೀಟಿನ ಮೇಲಿನ ಬಾಕ್ಸಿನಲ್ಲಿ ಬೇರೆಯವರ ಬ್ಯಾಗ್ ಒತ್ತಿ ರಸ ಸೋರುತ್ತದೆ.